ಪಾಳಿ ಬದಲಾಗುವ ಹೊತ್ತು

ವೈಜಯಂತಿ ಮೂರನೆಯ ಚಮಚ ಗಂಗಾಜಲವನ್ನೂ ಅಪ್ಪನ ತಣ್ಣಗಾದ ಬಾಯಿಗೆ ಬಿಟ್ಟಳು. ಅದೂ ಕಟವಾಯಿಯಿಂದ ಇಳಿದು ಚಾಪೆ ತೋಯಿಸಿತು. ಅವಳು ನಾಲ್ಕನೆಯದಕ್ಕೆ ಕೈ ಹಾಕಿದಳು.

“ಸಾಕು ಬಿಡೇ,” ಎಂದರು ಅಮ್ಮ ಜಲಜಾ. “ಶಾಸ್ತ್ರಕ್ಕೆ ಒಂದು ಚಮಚ ಹಾಕಿದ್ರೆ ಆಯ್ತು.”

“ಅಪ್ಪ ನೀರು ಕೇಳಿದ್ರಮ್ಮ. ನಾನು ಕೊಡ್ಲಿಲ್ಲ.”

“ಡಾಕ್ಟರ್ ಬೇಡ ಅಂದಿದ್ರಲ್ಲ.”

“ಅಪ್ಪ ಕೇಳಿದ್ದು ಡಾಕ್ಟರನ್ನಲ್ಲ.”

ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಬಾಲ್ಕನಿಗೆ ಹೋದಳು, ಅಡುಗೆಮನೆಗೆ ಬಂದಳು, ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಮತ್ತೆ ಮತ್ತೆ ತಿರುಗಿಸಿದಳು. ದಿಲ್ಲಿಯ ಕಿದ್ವಾಯಿ ನಗರದ ಆ ಸರ್ಕಾರಿ ಕ್ವಾರ್ಟರ್ಸಿನ ನಲ್ಲಿ ಯಾರ ದುಃಖಕ್ಕೂ ನಿಲ್ಲುವಂಥದ್ದಲ್ಲ. ಕೆಳಗೆ ಗಂಡ ಮನೋಜ್ ಶವದ ವ್ಯಾನಿನವನ ಜೊತೆ ಮಾತಾಡುತ್ತಿದ್ದ.

*

ನಿನ್ನೆ ಸಂಜೆ ಆಸ್ಪತ್ರೆಯಲ್ಲಿ ಅಪ್ಪ ಏಕನಾಥರ ಮುಖಕ್ಕೆ ಆಮ್ಲಜನಕದ ಮಾಸ್ಕ್ ಬಿಗಿದಿತ್ತು. ಅವರು ಬಲಮುಷ್ಟಿಯನ್ನು ತುಟಿಯ ಹತ್ತಿರ ತಂದು, ಆಮೇಲೆ ಮಗಳತ್ತ ಚಾಚಿದರು. ಒಂದಲ್ಲ, ನಾಲ್ಕು ಸಲ. “ಈಗ ಬೇಡಪ್ಪ, ಬೆಳಗ್ಗೆ ನೀರು ಕೊಡ್ತೀನಿ,” ಎಂದಿದ್ದಳು. ಬೆಳಗಿನವರೆಗೆ ಅವರು ಉಳಿಯಲಿಲ್ಲ.

ಬಾಯಿ ಬಿಟ್ಟು ಹೇಳಿ ಅಭ್ಯಾಸವಿದ್ದ ಮನುಷ್ಯನೂ ಅಲ್ಲ. ಗುಳೇದಗುಡ್ಡದಲ್ಲಿ ಅವರಪ್ಪ ನೆಲದ ಗುಣಿಯಲ್ಲಿ ಕಾಲು ಇಳಿಬಿಟ್ಟು, ಗುಣಿಮಗ್ಗದಲ್ಲಿ ಹರಟೆ ಹೊಡೆಯುತ್ತಲೇ ಕುಪ್ಪಸದ ಖಣ ನೇಯುತ್ತಿದ್ದರಂತೆ. ಹೆಂಡತಿ ನೂಲಿನ ಕಂಡಿಕೆ ಸುತ್ತುವವಳು, ಮಕ್ಕಳು ಎಳೆ ಕೂಡಿಸುವವರು. ಬೇಜಾರಾದರೆ ಎದ್ದು ಎಲೆಯಡಿಕೆ. ವಿದ್ಯುತ್ ಮಗ್ಗ ಬಂತು, ಗುಣಿಮಗ್ಗ ಮೂಲೆ ಸೇರಿತು, ಮಗ ದಿಲ್ಲಿಯ ಮಿಲ್ಲು ಸೇರಿದ. ಇಲ್ಲಿ ಸೈರನ್ ಕೂಗಿದಾಗ ಏಳಬೇಕು, ಕೂಗಿದಾಗ ಉಣ್ಣಬೇಕು. ಮಗ್ಗಗಳ ಗದ್ದಲಕ್ಕೆ ಮೂವತ್ತು ವರ್ಷದಲ್ಲಿ ಕಿವಿ ಮಂದವಾಯಿತು. ಮಿಲ್ಲು ಮುಚ್ಚಿ ಎಂಟು ವರ್ಷವಾದರೂ ಮಾತು ಮಾತ್ರ ಮನೆಗೆ ಬರಲಿಲ್ಲ. ಅಪ್ಪನಿಗೆ ತನ್ನ ಮೇಲೆ ಏನೋ ಸಿಟ್ಟು ಎಂದೇ ವೈಜಯಂತಿ ಬೆಳೆದಳು.

*

ವಿದ್ಯುತ್ ಚಿತಾಗಾರದಲ್ಲಿ ಹೆಣವನ್ನು ತಳ್ಳುಗಾಡಿಯ ಮೇಲಿಟ್ಟಾಗ ಬಿಳಿಕೂದಲ ಒಬ್ಬರು ಕಾಲ ಬಳಿ ನಿಂತು ಕೈಸನ್ನೆ ಮಾಡುತ್ತಿದ್ದರು. ಮಿಲ್ಲಿನಲ್ಲಿ ಅಪ್ಪನ ಪಕ್ಕದ ಮಗ್ಗದಲ್ಲಿದ್ದ ಚಂದ್ರಮೋಹನ. ಅವರ ತುಟಿ ಅಲುಗುತ್ತಿತ್ತು, ದನಿಯಿರಲಿಲ್ಲ. ನೋಡುತ್ತಿದ್ದಂತೆ ಅವರ ಮುಷ್ಟಿ ತುಟಿಗೆ ಹೋಯಿತು.

ವೈಜಯಂತಿ ಅವರ ತೋಳು ಹಿಡಿದಳು. “ಮಾಮಾ, ಅಪ್ಪನೂ ಹೀಗೇ ಮಾಡಿದ್ರು. ನೀರಿಗೆ ತಾನೇ?”

ಅವರು ಅವಳ ತುಟಿ ನೋಡಿ ಮಾತು ಓದಿಕೊಂಡರು. “ನೀರಿಗೆ ಹೆಬ್ಬೆರಳು, ಹೀಗೆ. ಇದು ಲಾಳಿ, ತಾಯಿ. ಲಾಳಿಯ ತೂತಿಗೆ ಬಾಯಿಟ್ಟು, ಉಸಿರಲ್ಲಿ ನೂಲು ಎಳ್ಕೊಂಡು ಪೋಣಿಸ್ತಿದ್ವಿ. ಆ ಗದ್ದಲದಲ್ಲಿ ಮಾತೆಲ್ಲಿ ಕೇಳ್ಬೇಕು? ಎಲ್ಲಾ ಕೈಯಲ್ಲೇ. ನಿಮ್ಮಪ್ಪನಂಥ ಹರಟೆಮಲ್ಲ ಇಡೀ ಶೆಡ್ಡಲ್ಲಿ ಇರ್ಲಿಲ್ಲ. ನಿನ್ನ ಸ್ಕೂಲಿನ ಸುದ್ದಿನೆಲ್ಲ ಕೈಯಲ್ಲೇ ಹೇಳೋನು.”

“ನನ್ನ ಸುದ್ದಿನಾ?”

“ಮತ್ಯಾರದ್ದು? ಪಾಳಿ ಮುಗಿದವನು ಮುಷ್ಟಿ ತುಟಿಗೆ ತಂದು, ಮುಂದಿನವನ ಕಡೆ ಚಾಚ್ತಿದ್ದ. ನನ್ನದಾಯ್ತು, ಇನ್ನು ಮಗ್ಗ ನಿನ್ನದು ಅಂತ.”

“ಆಮೇಲೆ?”

“ಮುಂದಿನವನೂ ಮುಷ್ಟಿಯನ್ನ ತುಟಿಗೆ ತಾಗಿಸ್ಬೇಕು. ಅದು ಕಾಣೋ ತನಕ ಇವನು ಮಗ್ಗ ಬಿಟ್ಟು ಕದಲೋ ಹಾಗಿಲ್ಲ.”

“ನಾಲ್ಕು ಸಲ ಚಾಚಿದ್ರು, ಮಾಮಾ.”

ಚಂದ್ರಮೋಹನ ಹೆಗಲ ಮೇಲಿನ ಟವೆಲಿನಲ್ಲಿ ಮುಖ ಒರೆಸಿಕೊಂಡರು.

ಯಂತ್ರದ ಫ್ಯಾನು ಒಮ್ಮೆಲೇ ಅಬ್ಬರಿಸಿತು. ಮನೋಜ್ “ಚಲೋ, ಟೈಮಾಯ್ತು” ಎಂದು ಕಿರುಚಿದ್ದು ಯಾರಿಗೂ ಕೇಳಲಿಲ್ಲ. ಕಬ್ಬಿಣದ ಬಾಗಿಲು ಮೇಲೇರಿತು. ಆಳು ಗಾಡಿಗೆ ಕೈ ಹಚ್ಚಿದಾಗ ವೈಜಯಂತಿ ಅಡ್ಡ ಬಂದು, ಅಪ್ಪನ ಮುಖಕ್ಕೆ ನೇರವಾಗಿ ನಿಂತಳು. ಬಲಮುಷ್ಟಿಯನ್ನು ತನ್ನ ತುಟಿಗೆ ಒತ್ತಿ ಹಿಡಿದಳು. ಆಮೇಲೆ ಪಕ್ಕಕ್ಕೆ ಸರಿದಳು, ಗಾಡಿ ಒಳಗೆ ಉರುಳಿತು.