ಬೇವಿನ ನೆರಳಿನ ಸೋಲಾರ್

"ಕೊಡ ಹಿಂದ ಸರಸಬೇ, ನಳಕ್ಕ ತಾಗಸಬ್ಯಾಡ. ಸರಕಾರ ನಿಮಗ ಸೂರ್ಯಾನ್ನ ಕೊಟ್ಟೈತಲ್ಲ, ಅವನ್ನ ಹಿಂಡ್ಕೊಂಡು ಕುಡಿ ಹೋಗ."

ಬಸವಣ್ಣೆಪ್ಪಗೌಡ ಹೀಗೆಂದು ಮುದಕವ್ವನ ಕೊಡವನ್ನು ಕಾಲಿನಿಂದ ಉರುಳಿಸಿದ. ಮೇಲೋಣಿಯ ಹೆಂಗಸರು ಕಿಸಕ್ಕೆಂದರು. ಯಾರಾದರೂ ಕನಿಕರಪಟ್ಟು ಮೇಲಿಂದ ಎರಡು ಬಿಂದಿಗೆ ಸುರಿದಾರೆಂದು ಮುಂಜಾನೆಯಿಂದ ಕಾದಿದ್ದಳು ಮುದುಕಿ. ಕೇರಿಯವರು ಆ ನಳ ಮುಟ್ಟುವ ಹಾಗಿರಲಿಲ್ಲ. ಕೊಡ ಎತ್ತಿಕೊಂಡು ಹೊರಟಳು. ಗೌಡನ ಮಾತಿಗೆ ಸಿಟ್ಟಿನ ಜೊತೆ ನಗುವೂ ಬಂತು. ಅದು ಅಷ್ಟು ಖರೆ ಇತ್ತು.

ಸರಕಾರ ಕೇರಿಗೆ ಸೋಲಾರ್ ಪಂಪು ಕೊಟ್ಟದ್ದು ಸುಳ್ಳಲ್ಲ. ಬೋರು ಹೊಡೆಸಿ, ಟಾಕಿ ಕಟ್ಟಿಸಿ, ಮೂರು ಕರೀ ಪ್ಲೇಟು ಕಳಿಸಿತ್ತು. ಕೇರಿಗೆ ಹತ್ತಿಕೊಂಡೇ ಇರುವ ಚಾವಡಿ ಕಟ್ಟೆಯ ಮೇಲೆ ದಿನವಿಡೀ ಬಿಸಿಲು. ಪ್ಲೇಟು ಅಲ್ಲೇ ಕೂಡಿಸಬೇಕೆಂದು ಎಂಜಿನಿಯರ್ ಗೌರೀಶ ಆ ಅಳತೆಗೇ ವೈರು ತಂದಿದ್ದ. ಗೌಡ ಅಡ್ಡ ನಿಂತ.

"ನಮ್ಮ ಹಿರ್ಯಾರು ಕುಂತು ನ್ಯಾಯಾ ಹೇಳಿದ ಕಟ್ಟಿ ಇದು. ಹೊಲಗೇರಿ ಸಾಮಾನ ಇದರ ಮ್ಯಾಲ ಏರಿಸಿದ್ರ ಕಾಲ ಮುರದ ಕೈಯಾಗ ಕೊಡತೇನಿ."

ಕೇರಿಯ ತಗಡಿನ ಮಾಡುಗಳು ಆ ಭಾರ ತಡೆಯುತ್ತಿರಲಿಲ್ಲ. ಉಳಿದದ್ದು ದ್ಯಾಮವ್ವನ ಬೇವಿನ ಮರದ ಬುಡವೊಂದೇ. ದೇವರ ಮರ, ಟೊಂಗೆ ಕಡಿಯುವಂತಿಲ್ಲ. ಗೌರೀಶ ಪ್ಲೇಟುಗಳನ್ನು ಆ ದಟ್ಟ ನೆರಳಿನಲ್ಲೇ ಕೂಡಿಸಿ, ಹಾರ ಹಾಕಿಸಿ, ಕೈ ತೊಳೆದುಕೊಂಡ. ಗಾಳಿ ಬೀಸಿ ಎಲೆ ಸರಿದಾಗ ಕೇರಿಯ ನಳ ಎರಡು ಹನಿ ಉಗುಳುತ್ತಿತ್ತು. ಕಾಗೆಗಳು ಮಾತ್ರ ಪ್ಲೇಟಿನ ಮೇಲೆ ತಮ್ಮ ಕೆಲಸ ತಪ್ಪದೆ ಮಾಡುತ್ತಿದ್ದವು. ದೂರದ ಸವದತ್ತಿ ಗುಡ್ಡದ ಮೇಲೆ ಗಾಳಿಯಂತ್ರಗಳು ಯಾವ ಊರಿಗೋ ಕರೆಂಟು ತಿರುಗಿಸುತ್ತಿದ್ದವು.

ಮನೆಗೆ ಬಂದವಳೇ ಮುದಕವ್ವ ಸೊಸೆ ಮಹಾನಂದಾಳನ್ನು ಕರೆದಳು.

"ನಿನ್ನ ಗಂಡನ ಪಂಚರ್ ಅಂಗಡಿ ಪಾನಾ ಎಲ್ಲಿ ಅದಾವ?"

"ಯಾಕತ್ತಿ?"

"ಪಂಪು ಹೆಂಗ ನಡದೈತಿ ಅಂತ ನೋಡಾಕ ದೊಡ್ಡ ಸಾಹೇಬ್ರು ಮಧ್ಯಾಹ್ನ ಬರತಾರಂತ. ಸೂರ್ಯಾ ಗಿಡದ ಬುಡಕ ಬರಂಗಿಲ್ಲ. ನಾವ ಅವನ ಕಡೆ ಹೋಗೂಣು."

ಮಹಾನಂದಾ ಅತ್ತೆಯ ಮುಖ ನೋಡಿದಳು. ನಗುತ್ತ ಪಾನಾ ತಂದಳು.

ಪಾನಾ ಹಾಕಿ ತಿರುವಿ ಪ್ಲೇಟಿನ ಬೋಲ್ಟು ಬಿಚ್ಚಿದ್ದಾಯಿತು. ಗಾಜಿಗೆ ಪೆಟ್ಟಾಗದಂತೆ ಕೌದಿ ಸುತ್ತಿ, ಕೇರಿಯ ಹೆಂಗಸರು ಇಬ್ಬಿಬ್ಬರಾಗಿ ಒಂದೊಂದು ಪ್ಲೇಟು ತಲೆಯ ಮೇಲಿಟ್ಟು ಚಾವಡಿ ಕಟ್ಟೆಯತ್ತ ಹೊರಟರು. ಕೌದಿ ಒಗೆದು ಹೊತ್ತು ತಂದವರ ಹಾಗೆಯೇ ಕಾಣುತ್ತಿದ್ದರು. ಗೌಡ ಚಾವಡಿಯೊಳಗೆ ಚಹಾ ಕುಡಿಯುತ್ತಿದ್ದ.

"ಏನಬೇ ಅದು?"

"ಕೌದಿರಿ ಗೌಡ್ರ. ಬಿಸಿಲಿಗಿ ಹಾಕತೇವಿ."

ಆ ಕಟ್ಟೆಯ ಮುಂದೆ ಜನ್ಮವಿಡೀ ಚಪ್ಪಲಿ ಕೈಯಲ್ಲಿ ಹಿಡಿದು ಹಾದುಹೋದವಳು ಮುದಕವ್ವ. ಇಂದು ಮೆಟ್ಟಿಕೊಂಡೇ ಹತ್ತಿದಳು. ಗೌರೀಶ ತಂದಿದ್ದ ಉದ್ದ ವೈರು ಎಳೆದು ಜೋಡಿಸಿ ಕೌದಿ ಸರಕ್ಕನೆ ಎಳೆದಳು. ಬಿಸಿಲು ಪ್ಲೇಟಿನ ಮೇಲೆ ಬಿತ್ತು.

"ಇಳೀರಿ ಕೆಳಗ, ರಂಡೇರಾ." ಗೌಡ ಬಡಿಗೆ ಎತ್ತಿದ.

ಅಷ್ಟರಲ್ಲಿ ಕೇರಿಯಿಂದ "ನೀರ ಬಂತು" ಎಂಬ ಕೂಗು ಎದ್ದಿತು. ಅದರ ಬೆನ್ನಿಗೇ ಜೀಪೂ ಬಂತು. ದೊಡ್ಡ ಸಾಹೇಬರು ಕೇರಿಯ ನಳದಲ್ಲಿ ಭರ್ರನೆ ಬೀಳುತ್ತಿದ್ದ ನೀರು ನೋಡಿದರು, ಕಟ್ಟೆಯ ಮೇಲಿನ ಪ್ಲೇಟು ನೋಡಿದರು, ಹಿಗ್ಗಿಹೋದರು.

"ಭೇಷ್ ಗೌಡ್ರ. ಕೇರಿ ಸಲುವಾಗಿ ಕಟ್ಟೀನ ಬಿಟ್ಟ ಕೊಟ್ಟೀರಿ. ಬರ್ರಿ, ನಡುವ ನಿಂದರ್ರಿ."

ಎತ್ತಿದ ಬಡಿಗೆ ಊರುಗೋಲಾಯಿತು. ಸಾಹೇಬರ ಹಿಂದೆ ಜೀಪಿನಿಂದ ಇಳಿದ ಗೌರೀಶ ಬೇವಿನ ಮರದ ಕಡೆ ನೋಡಲೇ ಇಲ್ಲ. ಗೌಡ ಹಲ್ಲು ಕಚ್ಚಿ ಮುದಕವ್ವನ ಪಕ್ಕ ನಿಂತು ಫೋಟೋಕ್ಕೆ ನಕ್ಕ.

ಜೀಪಿನ ಧೂಳು ಇಳಿಯಿತು.

"ಫೋಟೋ ಆತು. ಇನ್ನ ಇಳಸ್ರಿ," ಎಂದ ಗೌಡ.

ಮುದಕವ್ವ ಚಕ್ಕಳಮಕ್ಕಳ ಹಾಕಿ ಕುಳಿತಳು. "ಬಿಸಿಲೈತಲ್ರಿ ಇನ್ನೂ. ಹೊತ್ತ ಮುಣಗಲಿ, ನಾವ ಇಳಸತೇವಿ."

ಉಳಿದ ಹೆಂಗಸರೂ ಕುಳಿತರು. ಗೌಡ ಫೋನು ಹಚ್ಚಿ ಬಡಿಗೆ ಹಿಡಿದ ತನ್ನ ಆಳುಗಳನ್ನು ಕರೆಸಿದ. ಅವರು ಬಂದು ಸುತ್ತ ನಿಂತರು, ಒಬ್ಬರ ಮುಖ ಒಬ್ಬರು ನೋಡಿದರು. ಗೌಡ ಮುದಕವ್ವನ ಪಕ್ಕ ನಗುತ್ತಿದ್ದ ಫೋಟೋ ಆಗಲೇ ಎಲ್ಲರ ಮೊಬೈಲಿಗೂ ಬಂದಿತ್ತು. ಕೆಳಗೆ ಕೇರಿಯಲ್ಲಿ ಕೊಡದ ಮೇಲೆ ಕೊಡ ತುಂಬಿದವು, ಯಾರದೋ ಎಮ್ಮೆಯ ಮೈ ತೊಳೆದದ್ದೂ ಆಯಿತು.

ಹೊತ್ತು ಮುಳುಗಿತು. ಹೆಂಗಸರು ಮಾತಿಗೆ ತಪ್ಪಲಿಲ್ಲ. ಪ್ಲೇಟಿಗೆ ಕೌದಿ ಸುತ್ತಿ ತಲೆಗೇರಿಸಿದರು.

"ಈಗ ಬುದ್ಧಿ ಬಂತ ನೋಡ," ಎಂದ ಗೌಡ.

"ಬಂತ್ರೀ. ನಾಳೆ ಜರಾ ಲಗೂನ ಬರತೇವಿ."

ಮುದಕವ್ವ ಕಾಲಿನ ಚಪ್ಪಲಿ ಬಿಚ್ಚಿ ಕಟ್ಟೆಯ ನಟ್ಟನಡುವೆ ಜೋಡಿಸಿಟ್ಟಳು, ರಾಮದುರ್ಗದ ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕಿದ ಹಾಗೆ. ಬರಿಗಾಲಲ್ಲಿ ಇಳಿದು ಹೋದಳು.

"ಯಾರರ ತಗೀರಲೇ ಅವನ್ನ," ಗೌಡ ಅರಚಿದ.

ಬಡಿಗೆ ಚಾಚಿದವನೂ ಹಿಂದಕ್ಕೆ ಎಳೆದುಕೊಂಡ. ಕೇರಿಯ ಚಪ್ಪಲಿ ಮುಟ್ಟುವವರು ಅಲ್ಲಿ ಒಬ್ಬರೂ ಇರಲಿಲ್ಲ.