ಫ್ಲೆಕ್ಸಿನಲ್ಲಿದ್ದ ಕೂದಲು

ತುಮಕೂರು ಕಡೆಯ ಕಡಬದ ಆಚೆ, ನಮ್ಮೂರ ಹಾಲಿನ ಡೇರಿ ಮುಂದೆ ಫ್ಲೆಕ್ಸ್ ಕಟ್ಟಿದ ದಿನ, ಅದರಲ್ಲಿರುವ ಹೆಂಗಸು ಯಾರೆಂದು ಮೊದಲು ಕೇಳಿದವಳು ದಾಕ್ಷಾಯಣಿಯೇ. ಹಾಲಿನ ಕ್ಯಾನು ಕೆಳಗಿಟ್ಟು ತಲೆಯೆತ್ತಿ ನೋಡಿದಳು. ಮೂಗು ತನ್ನದು, ಮೂಗುತಿ ತನ್ನದು, ಹಣೆಯ ವಿಭೂತಿಯೂ ತನ್ನದೇ. ಅದರ ಮೇಲೆ ರಾಗಿಹುಲ್ಲಿನ ಮೆದೆಯ ಹಾಗೆ ಎದ್ದು ನಿಂತಿದ್ದ, ಹೊಸ ಬೆಲ್ಲದ ಬಣ್ಣದ ಕೂದಲು ಮಾತ್ರ ಯಾರದೋ. ಕೆಳಗೆ ದಪ್ಪ ಅಕ್ಷರದಲ್ಲಿ ‘ನಿಮ್ಮ ಮನೆಮಗಳು, ಹಾಲಿನ ಸಂಘದ ನಿರ್ದೇಶಕಿ ಸ್ಥಾನದ ಅಭ್ಯರ್ಥಿ, ಶ್ರೀಮತಿ ದಾಕ್ಷಾಯಣಮ್ಮ ಮಹಾದೇವಯ್ಯ’ ಎಂದು ಬರೆದಿತ್ತು.

ಆ ಸ್ಥಾನದಲ್ಲಿ ಅಲ್ಲಿಯವರೆಗೆ ಕೂತಿದ್ದವನು ಅವಳ ಗಂಡ ಮಹಾದೇವಯ್ಯ. ಈ ಸಲ ಅದು ಮಹಿಳೆಯರಿಗೆ ಮೀಸಲಾಯಿತು. ಅವನು ಹೆಗಲ ಮೇಲಿನ ಟವೆಲನ್ನು ಈ ಭುಜದಿಂದ ಆ ಭುಜಕ್ಕೆ ಹಾಕಿಕೊಂಡಷ್ಟು ಸಲೀಸಾಗಿ ಹೆಂಡತಿಯ ಹೆಸರು ಕೊಟ್ಟು ಬಂದ. ದಾಕ್ಷಾಯಣಿ ಬೇಡ ಅನ್ನಲಿಲ್ಲ. ಅವಳಿಗೆ ಅವಳದೇ ಒಂದು ಕೆಲಸ ಆಗಬೇಕಿತ್ತು. ಡೇರಿಯಲ್ಲಿ ಹಾಲಿನ ಕೊಬ್ಬು ಅಳೆಯುವ ಮೆಷಿನ್ನು ಗೋಡೆಯ ಕಡೆ ಮುಖ ಮಾಡಿ ಕೂತಿತ್ತು. ಅದರ ನಂಬರು ಅಳೆಯುವವನಿಗೆ ಮಾತ್ರ ಕಾಣುತ್ತಿತ್ತು. ಅವನು ಮೋಸ ಮಾಡುತ್ತಾನೆಂದು ಯಾರೂ ಹೇಳುವಂತಿರಲಿಲ್ಲ, ಮಾಡುವುದಿಲ್ಲವೆಂದೂ ಹೇಳುವಂತಿರಲಿಲ್ಲ. ಮೆಷಿನ್ನಿನ ಮುಖವನ್ನು ಹಾಲು ಹಾಕುವವರ ಕಡೆ ತಿರುಗಿಸಬೇಕು ಎಂಬುದೊಂದೇ ಅವಳ ಹಟ. ಗಂಡನಿಗೆ ಹೇಳಿದಾಗಲೆಲ್ಲ ಅವನು, “ಅದರ ವೈರು ಗಿಡ್ಡ ಕಣೇ” ಅನ್ನುತ್ತಿದ್ದ.

ದಾಕ್ಷಾಯಣಿ ತುಮಕೂರಿಗೆ ಫೋನು ಮಾಡಿದಳು. ಅಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದ ಪ್ರಭುದೇವ ಅವಳ ತಮ್ಮನ ಮಗ.

“ಏನೋ ಪ್ರಭು, ನನ್ ತಲೆ ಮೇಲೆ ಯಾರನ್ನೋ ಕೂರ್ಸಿದ್ದೀಯ?”

“ಅತ್ತೆ, ನೀನ್ ಕಳ್ಸಿದ್ ಫೋಟೋದಲ್ಲಿ ಕೂದ್ಲೇ ಕಾಣ್ತಿರ್ಲಿಲ್ಲ. ಗೋಡೆ ಬಣ್ಣದಲ್ಲಿ ಸೇರ್ಕೊಂಡ್ಬುಟ್ಟಿತ್ತು. ಅದಕ್ಕೆ ನಮ್ ಕಂಪ್ಯೂಟ್ರಲ್ಲಿ ಇರೋದ್ರಲ್ಲಿ ಒಳ್ಳೇದ್ ನೋಡಿ ಹಾಕ್ದೆ.”

“ಯಾರ್ದೋ ಅದು?”

“ಮದ್ವೆ ಆಲ್ಬಮ್ಮಿಂದು ಅತ್ತೆ. ಬೇರೆ ಯಾವ್ ಕ್ಯಾಂಡಿಡೇಟ್‌ಗೂ ಕೊಟ್ಟಿಲ್ಲ, ನಮ್ಮೋರು ಅಂತ ನಿಂಗ್ ಹಾಕಿದೀನಿ.”

ಸಂಜೆಯ ಹೊತ್ತಿಗೆ ಎದುರು ಅಭ್ಯರ್ಥಿ ಶಿವರುದ್ರಮ್ಮನ ಮಗ ಅನಂತರಾಜು ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದ: “ಫ್ಲೆಕ್ಸಲ್ಲಿರೋಳು ನಿಂತಿಲ್ಲ, ನಿಂತಿರೋಳು ಫ್ಲೆಕ್ಸಲ್ಲಿಲ್ಲ. ನಾಳೆ ಗೆದ್ರೆ ಮೀಟಿಂಗಿಗೆ ಯಾರ್ ಬರ್ತಾರೆ, ಕೇಳ್ಕೊಳ್ಳಿ.”

ದಾಕ್ಷಾಯಣಿ ಫ್ಲೆಕ್ಸ್ ಬದಲಾಯಿಸಿ ಅಂದಳು. ಮಹಾದೇವಯ್ಯ ಕರೆಂಟು ಕಂಬಗಳ ಕಡೆ ಕೈ ತೋರಿಸಿದ. ಕಂಬಕ್ಕೊಂದು ಪಾಂಪ್ಲೆಟ್ಟು, ಪಾಂಪ್ಲೆಟ್ಟಿಗೊಂದು ಬೆಲ್ಲದ ಬಣ್ಣದ ತಲೆ.

“ಇಷ್ಟೊಂದ್ ತಲೆ ಬದಲಾಯ್ಸಕ್ಕಾಗಲ್ಲ. ನಿಂದಾದ್ರೆ ಒಂದೇ ಇರೋದು, ಅದನ್ನ ಬದಲಾಯ್ಸು.”

ಮಾರನೆಯ ದಿನ ದಾಕ್ಷಾಯಣಿ ಕುಣಿಗಲ್ ಬಸ್ಸು ಹತ್ತಿದಳು. ಅಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದ ಮಂಗಳಗೌರಿ ಅಮೃತೂರಿನ ಶಾಲೆಯಲ್ಲಿ ಅವಳ ಜೊತೆ ಓದಿದವಳು. ಮಂಗಳಗೌರಿ ಪಾಂಪ್ಲೆಟ್ಟಿನ ತಲೆಯನ್ನು ಕತ್ತರಿಯಿಂದ ಕತ್ತರಿಸಿ, ಸೀರೆಗೆ ರವಿಕೆ ಪೀಸು ಹೊಂದಿಸುವ ಹಾಗೆ ಬಣ್ಣದ ಡಬ್ಬಿಗಳ ಪಕ್ಕ ಹಿಡಿದು ನೋಡಿ, ಎರಡು ಬಣ್ಣ ಬೆರೆಸಿ ಹಚ್ಚಿದಳು. ತೊಳೆದ ಮೇಲೆ ನೋಡಿದರೆ ಬಣ್ಣ ಥೇಟ್ ಫ್ಲೆಕ್ಸಿನದೇ. ಆದರೆ ಕೂದಲು ಮುಸುಕಿನ ಜೋಳದ ಎಳೆಯ ಹಾಗೆ ನೆತ್ತಿಗೆ ಅಂಟಿಕೊಂಡಿತ್ತು.

“ಬಣ್ಣ ಬಂತು, ಮೆದೆ ಎಲ್ಲೇ?” ಅಂದಳು ದಾಕ್ಷಾಯಣಿ.

“ನಿಂದು ತೆಳು ಕೂದ್ಲು ಕಣೇ. ಎತ್ತಿ ನಿಲ್ಸೋದಕ್ಕೆ ಬಿಸಿ ಮೆಷಿನ್ ಹಿಡುದ್ರೆ ಬಣ್ಣ ಓಡೋಯ್ತದೆ. ಬಣ್ಣ ಉಳೀಲಿ ಅಂತ ಸುಮ್ನಿದ್ರೆ ಮಲೀಕತ್ತದೆ. ಸದ್ಯಕ್ಕೆ ಬಣ್ಣ ಬಂತಲ್ಲ, ಓಟು ಕೇಳೋಗು.”

ಓಟು ಕೇಳುವುದೇ ಕಷ್ಟವಾಯಿತು. ನಮ್ಮೂರಲ್ಲಿ ಹೆಣ್ಣು ಅಭ್ಯರ್ಥಿ ಬಾಗಿಲಿಗೆ ಬಂದರೆ ಒಳಗೆ ಕರೆದು, ಕುಂಕುಮ ಇಟ್ಟು, ಹೂವು ಮುಡಿಸಿ ಕಳಿಸುತ್ತಾರೆ. ಓಟು ಹಾಕುತ್ತೇವೆಂದು ಬಾಯಲ್ಲಿ ಯಾರೂ ಹೇಳುವುದಿಲ್ಲ, ಆ ಹೂವೇ ಮಾತು. ಮುಡಿಸಿದ ಹೂವು ಆ ಬೀದಿ ದಾಟುವ ತನಕ ತಲೆಯಲ್ಲಿರಬೇಕು. ಬಿದ್ದರೆ, ಕೊಟ್ಟ ಮಾತನ್ನು ಅವಳೇ ಚೆಲ್ಲಿ ಹೋದಳೆಂದು ಲೆಕ್ಕ.

ಶಿವರುದ್ರಮ್ಮನಿಗೆ ತೆಂಗಿನಕಾಯಿ ಗಾತ್ರದ ಬಿಳಿ ತುರುಬು. ಅದಕ್ಕೆ ಎಷ್ಟು ಹೂವು ಸಿಕ್ಕಿಸಿದರೂ ಹಿಡಿಯುತ್ತಿತ್ತು. ಅವಳು ಬೀದಿ ಮುಗಿಸುವ ಹೊತ್ತಿಗೆ ಹೂವಿನ ಗಾಡಿಯೊಂದು ನಡೆದು ಬಂದಂತೆ ಕಾಣುತ್ತಿತ್ತು. ದಾಕ್ಷಾಯಣಿಗೆ ಮೊದಲ ಮನೆಯ ಸಿದ್ದಗಂಗಮ್ಮ ಮುಡಿಸಿದ ಸೇವಂತಿಗೆ, ಹೊಸಲು ದಾಟುವ ಮುಂಚೆಯೇ ಬೆನ್ನ ಮೇಲೆ ಜಾರಿ ನಾಯಿಯ ಮುಂದೆ ಬಿತ್ತು.

“ನಮ್ಮನೆ ಹೂವ ಭಾರ ಆಯ್ತೇನವ್ವ?” ಅಂದಳು ಸಿದ್ದಗಂಗಮ್ಮ.

“ಇಲ್ಲ ಕಣಕ್ಕ, ಕೂದ್ಲು ಜಾರ್ತು.”

“ಅಷ್ಟೊಂದ್ ಕೂದ್ಲು ಇಟ್ಕೊಂಡು ಒಂದ್ ಹೂವ ಹಿಡೀಲಿಲ್ಲ ಅಂತೀಯಲ್ಲ!” ಎಂದು ಅವಳು ಎದುರಿನ ಕಂಬದ ಪಾಂಪ್ಲೆಟ್ಟು ತೋರಿಸಿದಳು.

ಆ ಬೀದಿಯಲ್ಲಿ ಬಿದ್ದ ಹೂವನ್ನೆಲ್ಲ ಅನಂತರಾಜು ಆರಿಸಿಕೊಂಡು ಹೋಗಿ ತನ್ನ ತಾಯಿಗೆ ಮುಡಿಸಿದನಂತೆ.

ಮನೆಗೆ ಬಂದವಳೇ ದಾಕ್ಷಾಯಣಿ ಮಂಗಳಗೌರಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ಹಜಾರದ ನಡುವೆ ಇಟ್ಟಳು.

“ಗೌರಿ, ಇದು ಇನ್ ಮೇಲೆ ಶೋಕಿ ವಿಷ್ಯ ಅಲ್ಲ ಕಣೇ. ಹೂವ ನಿಲ್ಲದಿದ್ರೆ ಮೆಷಿನ್ ತಿರುಗಲ್ಲ.”

“ಯಾವ್ ಮೆಷಿನ್ನೇ?”

“ಅದಿರ್ಲಿ. ಬಣ್ಣ ಹೋಗ್ದಂಗೆ ದಪ್ಪ ಮಾಡೋದ್ ಹೇಳು.”

ಮಂಗಳಗೌರಿ ಹೇಳಿದಳು. ಎಣ್ಣೆ ಹಚ್ಚುವುದು ಬಿಡಬೇಕು, ತೆಳು ಕೂದಲನ್ನು ಅದು ಮಲಗಿಸುತ್ತದೆ. ಸೀಗೆಪುಡಿ, ನಿಂಬೆಹಣ್ಣು ಬೇಡ, ಬಣ್ಣ ಎಳೆಯುತ್ತವೆ. ದಿನಾ ತಲೆಗೆ ನೀರು ಹಾಕಬಾರದು. ಹಾಕುವ ದಿನ ತಣ್ಣೀರು, ಬಣ್ಣದ ಕೂದಲಿಗೆಂದೇ ಇರುವ ಮೆದು ಶಾಂಪು, ಕಂಡಿಶನರ್ ತುದಿಗೆ ಮಾತ್ರ. ಬೋರ್‌ವೆಲ್ ನೀರಿನ ಸುಣ್ಣ ಕೂದಲ ಮೇಲೆ ಕೂತು ಭಾರ ಮಾಡುತ್ತದೆ, ಬಣ್ಣವನ್ನೂ ಮಂಕು ಮಾಡುತ್ತದೆ, ಹಾಗಾಗಿ ಒಳ್ಳೆಯ ನೀರು ಬೇಕು. ಬಿಸಿಲಲ್ಲಿ ತಲೆ ಮುಚ್ಚಬೇಕು. ಒಣಗಿಸುವಾಗ ತಲೆ ಬಗ್ಗಿಸಿ ತಣ್ಣನೆ ಗಾಳಿ ಹಿಡಿಯಬೇಕು. ಬೈತಲೆ ತೆಗೆಯುವ ಜಾಗವನ್ನು ಬದಲಾಯಿಸಬೇಕು.

ಇದನ್ನು ಕೇಳಿದ ಮಹಾದೇವಯ್ಯನಿಗೆ ಹುರುಪು ಬಂತು. ಇಷ್ಟು ವರ್ಷ ಸಂಘ ನಡೆಸಿದವನು, ಅಲ್ಲಿಯೇ ಕೂದಲಿಗೊಂದು ಉಪಸಮಿತಿ ಮಾಡಿದ. ಪ್ರಚಾರಕ್ಕೆಂದು ಹಜಾರದಲ್ಲಿ ಸೇರಿದ್ದವರಲ್ಲಿ ನೀರಿನ ಜವಾಬ್ದಾರಿ ಒಬ್ಬನಿಗೆ, ಗಾಳಿಯದು ಇನ್ನೊಬ್ಬನಿಗೆ, ಕೊಡೆ ಹಿಡಿಯುವುದು ತನಗೆ. ನೀರಿನವನು ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನು ಹೊತ್ತು ತಂದ. ಸರದಿಯಲ್ಲಿ ನಿಂತವರು ಕೇಳಿದ್ದಕ್ಕೆ, “ಕುಡಿಯೋಕಲ್ಲ, ಪ್ರಚಾರಕ್ಕೆ” ಅಂದ. ಗಾಳಿಯವನು ಕಣದಿಂದ ರಾಗಿ ತೂರುವ ಫ್ಯಾನನ್ನೇ ತಳ್ಳಿಕೊಂಡು ಬಂದ. ದಾಕ್ಷಾಯಣಿ ಅಂಗಳದ ಕಲ್ಲಿನ ಮೇಲೆ ಕೂತು, ಹಸುವಿನ ಬಾನಿಯ ಕಡೆ ತಲೆ ಬಗ್ಗಿಸಿದಳು. ಸ್ವಿಚ್ಚು ಹಾಕಿದೊಡನೆ ಹೋದ ಸುಗ್ಗಿಯ ರಾಗಿಹೊಟ್ಟು ಪೂರ್ತಿ ಎದ್ದು ಬಂದು ಕೂದಲಲ್ಲಿ ಕೂತಿತು.

“ತೆಗೀಬೇಡ ಕಣೇ,” ಅಂದ ಮಹಾದೇವಯ್ಯ ಕೊಡೆಯ ಕೆಳಗಿನಿಂದ, “ದಪ್ಪ ಕಾಣ್ತದೆ.”

“ನಿಮ್ ತಲೆಗ್ ಹಾಕ್ಕೊಳಿ” ಎಂದು ಅವಳು ಮತ್ತೆ ಒಂದು ಕ್ಯಾನು ನೀರು ತರಿಸಿದಳು.

ಎರಡನೆಯ ಸಲ ಅವಳು ತಲೆಯೆತ್ತಿದಾಗ ಹಸು ಎರಡು ಹೆಜ್ಜೆ ಹಿಂದೆ ಸರಿಯಿತು. ಕೂದಲು ಎದ್ದಿತ್ತು. ಬಣ್ಣ ಹಾಗೇ ಇತ್ತು. ಕಾಂಪೌಂಡಿನ ಮೇಲಿಂದ ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ಆ ದಿನ ಅವಳು ಹೋದ ಬೀದಿಯಲ್ಲಿ ಒಂದು ಹೂವೂ ಬೀಳಲಿಲ್ಲ. ಸಿದ್ದಗಂಗಮ್ಮ ಮತ್ತೊಮ್ಮೆ ಮುಡಿಸಿ, ತಲೆಯನ್ನು ಹಿಡಿದು ಅಲ್ಲಾಡಿಸಿ ಪರೀಕ್ಷೆ ಮಾಡಿ ಕಳಿಸಿದಳು.

ಆದರೆ ಮೆಷಿನ್ನಿನ ವಿಷಯ ಯಾರ ಕಿವಿಗೂ ಹೋಗಲಿಲ್ಲ. ದಾಕ್ಷಾಯಣಿ, “ನೋಡ್ರವ್ವ, ನಮ್ ಹಾಲಿನ ನಂಬರು ನಮಗೇ ಕಾಣ್ಬೇಕು…” ಎಂದು ಶುರು ಮಾಡಿದರೆ ಅವರು, “ಅದಿರ್ಲಿ ಬುಡು. ಶಾಂಪು ಬುಡಕ್ಕೋ ತುದೀಗೋ?” ಅನ್ನುತ್ತಿದ್ದರು. ಗೆದ್ದರೆ ಊರ ಹೆಂಗಸರಿಗೆಲ್ಲ ರಾಗಿ ಫ್ಯಾನಿನ ಸೌಲಭ್ಯ ಕೊಡುತ್ತಾಳೆಂದು ಯಾರೋ ಸುದ್ದಿ ಹಬ್ಬಿಸಿದರು. ಹಬ್ಬಿಸಿದವನು ಮಹಾದೇವಯ್ಯ ಎಂದು ಆಮೇಲೆ ತಿಳಿಯಿತು.

ಮತದಾನ ಡೇರಿಯ ಎದುರಿನ ಶಾಲೆಯಲ್ಲಿ. ದಾಕ್ಷಾಯಣಿ ಗೇಟಿನ ಹತ್ತಿರ ಬಂದಾಗ ಅನಂತರಾಜು ಅಡ್ಡ ಬಂದು ಚುನಾವಣಾಧಿಕಾರಿಯನ್ನು ಕೂಗಿದ.

“ಸಾರ್, ಮತಗಟ್ಟೆ ಹತ್ರ ಪ್ರಚಾರ ಸಾಮಗ್ರಿ ತರಂಗಿಲ್ಲ ಅಲ್ವಾ?”

“ತರುವಂತಿಲ್ಲ. ಯಾರು ತಂದಿದ್ದಾರೆ?”

“ಈಯಮ್ಮ. ತಲೇಲಿದೆ ನೋಡಿ. ಫ್ಲೆಕ್ಸಲ್ಲಿರೋದೇ ಇದು. ಬೇಕಂತ್ಲೇ ಅದನ್ನ ನೋಡಿ ಮಾಡ್ಸಿರೋದು.”

ಅಧಿಕಾರಿ, ಮತದಾನಕ್ಕೆಂದು ಮುಚ್ಚಿಸಿದ್ದ ಡೇರಿ ಮುಂದಿನ ಫ್ಲೆಕ್ಸಿನ ಬಟ್ಟೆ ಸರಿಸಿ ನೋಡಿದರು, ದಾಕ್ಷಾಯಣಿಯ ತಲೆ ನೋಡಿದರು. ಅವಳ ಸುತ್ತಲೂ ಒಂದು ಸಲ ನಡೆದು ಬಂದರು.

“ಅಮ್ಮಾ, ಇದು ನಿಮ್ಮ ಸ್ವಂತ ಕೂದಲೇ?”

“ಕೂದ್ಲು ನಂದು ಸಾರ್. ಬಣ್ಣ ಕುಣಿಗಲ್‌ದು, ನೀರು ಘಟಕದ್ದು, ಗಾಳಿ ಕಣದ್ದು.”

“ಹಾಗಾದರೆ ಸಿದ್ಧಪಡಿಸಿದ್ದು. ಮುಚ್ಚಬೇಕಾಗುತ್ತೆ.”

“ಮುಚ್ತೀನಿ. ಅವರ ಅಮ್ಮನ್ ತಲೇಲಿ ಮನೆ ಮನೆ ಓಟು ಕಾಣೋ ಹಂಗೆ ಹೂವ ಅವೆ, ಅದು?”

ಅಧಿಕಾರಿ ನ್ಯಾಯವಂತರು. ಎರಡೂ ತಲೆಗಳನ್ನು ಮುಚ್ಚಿಸಿದರು. ಶಾಲೆಯ ಬಿಸಿಯೂಟದ ಕೋಣೆಯಿಂದ ಎರಡು ಬಿಳಿ ಬಟ್ಟೆ ತರಿಸಿ ಕಟ್ಟಿಸಿ, ಇಬ್ಬರನ್ನೂ ಬೇವಿನ ಮರದ ಕೆಳಗೆ ಒಂದೇ ಬೆಂಚಿನ ಮೇಲೆ ಕೂರಿಸಿದರು. ಓಟು ಹಾಕಲು ಬಂದವರು ಇಬ್ಬರಿಗೂ ಕೈಮುಗಿದು, ಯಾರು ಯಾರೆಂದು ಕೇಳಲು ನಾಚಿ ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಶಿವರುದ್ರಮ್ಮ ಕುತ್ತಿಗೆ ಒತ್ತಿಕೊಂಡಳು. “ಯವ್ವಾ, ಬಟ್ಟೆ ಕಟ್ಟಿದ್ಮೇಲೆ ಇನ್ನೂ ಭಾರ ಕಣೇ. ಈ ಹೂವ ಹೊತ್ತು ಹೊತ್ತು ರಾತ್ರಿ ನಿದ್ದೆ ಇಲ್ಲ. ನಿಂದೇ ಚೆಂದ, ಹಗುರ.”

“ಹಗುರ ಇದ್ದಿದ್ಕೇ ಇಷ್ಟೆಲ್ಲ ಆಗಿದ್ದು ಅತ್ಗೆ.”

“ನೀನ್ಯಾಕ್ ನಿಂತೆ? ಮಾದೇವಯ್ಯ ನಿಲ್ಸಿದ್ನಾ?”

“ಅವ್ರು ನಿಲ್ಸಿದ್ರು. ನಾನ್ ನಿಂತಿದ್ದು ಆ ಫ್ಯಾಟ್ ಮೆಷಿನ್ ತಿರುಗ್ಸಕ್ಕೆ.”

ಶಿವರುದ್ರಮ್ಮ ತಿರುಗಿ ನೋಡಿದಳು. ಕುತ್ತಿಗೆ ತಿರುಗದಿದ್ದರಿಂದ ಇಡೀ ಮೈಯನ್ನೇ ತಿರುಗಿಸಿದಳು. “ಅಷ್ಟೇನಾ? ಅದನ್ನ ಯಾರ್ಗೂ ಹೇಳ್ಲೇ ಇಲ್ವಲ್ಲೇ ನೀನು!”

“ಹೇಳ್ದೆ. ಶಾಂಪು ಯಾವ್ದು ಅಂದ್ರು.”

“ನಮ್ ಕೆಂದ ಹಸ ಎಷ್ಟ್ ಗಟ್ಟಿ ಹಾಲ್ ಕೊಡ್ತದೆ! ಆದ್ರೂ ಡೇರೀಲಿ ಅಳೆಯೋನು ನೀರು ನೀರು ಅಂತಾನೆ.” ಶಿವರುದ್ರಮ್ಮ ಎದ್ದಳು. “ಇಲ್ಲೇ ಇರು, ನಂದೊಂದು ಓಟು ಹಾಕ್ಬುಟ್ ಬತ್ತೀನಿ.”

ಅವಳು ಯಾರಿಗೆ ಹಾಕಿದಳೆಂದು ಹೇಳಲಿಲ್ಲ. ಹೊರಗೆ ಬಂದವಳು ಸರದಿಯಲ್ಲಿ ನಿಂತ ತನ್ನ ಓಣಿಯ ಹೆಂಗಸರ ಹತ್ತಿರ ಹೋಗಿ, ಅವರವರ ಹಸುವಿನ ಯೋಗಕ್ಷೇಮ ವಿಚಾರಿಸುತ್ತ ತುಂಬ ಹೊತ್ತು ನಿಂತಿದ್ದಳು. ಪ್ರಚಾರವೆಂದು ಆಕ್ಷೇಪಿಸಲು ಅನಂತರಾಜುವಿಗೆ ಆಗಲಿಲ್ಲ, ತಾಯಿಯಲ್ಲವೇ. ಎಣಿಕೆ ಮುಗಿದಾಗ ದಾಕ್ಷಾಯಣಿ ಬೆರಳೆಣಿಕೆಯ ಓಟಿನಲ್ಲಿ ಗೆದ್ದಿದ್ದಳು.

ಗೆದ್ದ ಮೇಲಿನ ಮೊದಲ ಬೆಳಿಗ್ಗೆಯೇ ಅವಳು ಡೇರಿಗೆ ಹೋಗಿ ಮೆಷಿನ್ನನ್ನು ತಿರುಗಿಸಿದಳು. ವೈರು ಬೇಕಾದಷ್ಟು ಉದ್ದವಿತ್ತು. ಜನ ಹಾಲು ಹೊಯ್ದರು, ನಂಬರು ಕೆಂಪಗೆ ಹೊಳೆಯಿತು, ಯಾರೂ ಅತ್ತ ನೋಡಲಿಲ್ಲ. ಎಲ್ಲರ ಕಣ್ಣೂ ಅವಳ ನೆತ್ತಿಯ ಮೇಲೆ.

“ಇವತ್ತೂ ಎದ್ದು ನಿಂತದಲ್ಲವ್ವ! ರಾತ್ರಿ ಏನ್ ಹಚ್ಚಿದ್ದೆ?” ಅಂದಳು ಸಿದ್ದಗಂಗಮ್ಮ.

ದಾಕ್ಷಾಯಣಿ ಮೆಷಿನ್ನಿನ ಕಡೆ ಬೆರಳು ಮಾಡಿದಳು.

“ಹೇಳ್ತೀನಿ. ಮೊದ್ಲು ನಿನ್ ಹಾಲಿಂದು ನಂಬರ್ ಎಷ್ಟ್ ಬಂತು, ಓದ್ ಹೇಳು.”

“ಕನ್ನಡ್ಕ ತಂದಿಲ್ಲ ಕಣವ್ವ.”

“ಹಂಗಾದ್ರೆ ನಾಳೆ. ಯಾರ್ ನಂಬರ್ ಓದ್ತಾರೋ ಅವ್ರಿಗೆ ಮಾತ್ರ ಹೇಳೋದು, ದಿನಕ್ಕೊಂದೇ ಗುಟ್ಟು.”

ಮಾರನೆಯ ದಿನ ಕ್ಯಾನು ಹಿಡಿದು ಬಂದ ಹೆಂಗಸರೆಲ್ಲರ ಮೂಗಿನ ಮೇಲೂ ಕನ್ನಡಕವಿತ್ತು. ಸ್ವಂತದ್ದಿಲ್ಲದವರು ಗಂಡಂದಿರದ್ದನ್ನು ಹಾಕಿಕೊಂಡು ಬಂದಿದ್ದರು.