ಮಂದಾಳ ಜೋಗುಳದ ಕ್ಯಾಸೆಟ್ಟು

ಗಂಟಲಿನ ಕ್ಯಾನ್ಸರಿಗೆ ಮಿರಜಿನಲ್ಲಿ ಆಪರೇಶನ್ ಆದ ಮೇಲೆ ಮಂದಾಳ ಜೀವ ಉಳಿಯಿತು, ದನಿ ಉಳಿಯಲಿಲ್ಲ. ಆ ದನಿ ಇದ್ದದ್ದು ಇನ್ನು ಒಂದೇ ಕಡೆ. ಮಗಳು ಕೇತಕಿ ತೊಟ್ಟಿಲಲ್ಲಿದ್ದಾಗ ಗಂಡ ಹಯಗ್ರೀವ ಮುಂಬಯಿಯಿಂದ ತಂದ ಕ್ರೋಮ್ ಕ್ಯಾಸೆಟ್ಟಿನಲ್ಲಿ ಅವಳು ತನ್ನಜ್ಜಿಯ ಕನ್ನಡ ಜೋಗುಳವನ್ನು ಪೂರ್ತಿ ಹಾಡಿದ್ದಳು. ಆಮೇಲೆ ಅದನ್ನು ಯಾರೂ ಹಚ್ಚಿ ಕೇಳದೆ ಪೆಟ್ಟಿಗೆಯಲ್ಲೇ ಉಳಿದಿತ್ತು.

ಈಗ ಕೇತಕಿಯೇ ಬಸುರಿ. ಹೆರಿಗೆಗೆಂದು ಮಾಧವನಗರದಿಂದ ಸಾಂಗ್ಲಿಯ ತವರಿಗೆ ಬಂದಿದ್ದಳು. ಹುಟ್ಟುವ ಕೂಸು ಅಜ್ಜಿಯ ದನಿ ಕೇಳಲಿ ಎಂದು ಹಯಗ್ರೀವ ಕ್ಯಾಸೆಟ್ಟನ್ನು ಸಿ.ಡಿ. ಮಾಡಲು ಸತ್ಯಪ್ಪನಿಗೆ ಕೊಟ್ಟ. ಹೊಸದಾಗಿ ಎದ್ದ ಕಾಂಪ್ಲೆಕ್ಸಿನಲ್ಲಿ ಅವನ ರೆಕಾರ್ಡಿಂಗ್ ಅಂಗಡಿ. ಮರುದಿನವೇ ಶಾರ್ಟ್ ಸರ್ಕಿಟ್ ಆಗಿ ಅದು ಹೊತ್ತಿ ಉರಿಯಿತು.

ಸತ್ಯಪ್ಪ ತಾನೇ ಮನೆಗೆ ಬಂದ. "ಕಬ್ಬಿಣದ ಕಪಾಟಿನ್ಯಾಗ ಇಟ್ಟಿದ್ನಿರಿ ಸರ್. ಬೆಂಕಿ ಹತ್ತಿಲ್ಲ, ಕಾವಿಗೆ ಹಿಂಗ ಆಗ್ಯದ," ಎಂದು ಸೊಟ್ಟಗಾದ ಕ್ಯಾಸೆಟ್ಟನ್ನು ಕೈಗಿಟ್ಟು ಅತ್ತುಬಿಟ್ಟ.

ಹಯಗ್ರೀವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಡಬ್ಬಿ ಒಡೆದು ಟೇಪು ಬಿಡಿಸಿದ. ತುದಿಯ ಚೂರೊಂದನ್ನು ಕತ್ತರಿಸಿ ಅಯಸ್ಕಾಂತದ ಹತ್ತಿರ ಹಿಡಿದಾಗ ಜಿಗಿದು ಅಂಟಿಕೊಂಡಿತು. ಅದರಿಂದೇನೂ ಸಾಬೀತಾಗದೆಂದು ಅವನಿಗೆ ಗೊತ್ತಿತ್ತು. ಆದರೂ ಮಂದಾ ನೋಡುತ್ತಿದ್ದ ನೋಟಕ್ಕೆ ಮನಸ್ಸು ತಡೆಯದೆ, "ಅದರ ಗುಣ ಹೋಗಿಲ್ಲ," ಎಂದುಬಿಟ್ಟ.

ಟೇಪನ್ನು ಬೇರೆ ಡಬ್ಬಿಗೆ ಸುತ್ತಿ ಹಚ್ಚಿದ. ಸುಂಯ್ ಎಂಬ ಸದ್ದು. ಮುಂದೆ ಓಡಿಸಿದ, ತಿರುವಿ ಹಾಕಿದ. ಅದೇ ಸದ್ದು.

"ಗುಣ ಹೋಗಿಲ್ಲ ಅಂದ್ರಲ್ಲ ಬಾಬಾ?" ಎಂದಳು ಕೇತಕಿ.

"ಟೇಪಿನ ಮ್ಯಾಲ ಕ್ರೋಮಿಯಂ ಆಕ್ಸೈಡ್ ಇರ್ತದ. ಕುದಿಯೂ ನೀರಿಗಿಂತ ಒಂದೀಟು ಹೆಚ್ಚು ಕಾವು ಹತ್ತಿದ್ರ ಅದರ ಚುಂಬಕ ಶಕ್ತಿ ಹೋಗ್ತದ. ಆರಿದ ಮ್ಯಾಲ ಶಕ್ತಿ ತಿರುಗಿ ಬರ್ತದ. ಹಾಡಿದ್ದು ಬರೂದಿಲ್ಲವ್ವಾ."

ಮಂದಾ ಎದ್ದು ಒಳಗೆ ಹೋದಳು. ಹಿಂದೆ ಹೋಗಲು ಅವನಿಗೆ ಧೈರ್ಯವಾಗಲಿಲ್ಲ.

ಶ್ರಾವಣದಲ್ಲಿ ಹೆಣ್ಣು ಕೂಸು ಹುಟ್ಟಿತು. ಮಂದಾ ಜೋಗುಳದ ಮಾತುಗಳನ್ನೆಲ್ಲ ಮಗಳಿಗೆ ಬರೆದುಕೊಟ್ಟಳು. ಧಾಟಿಯನ್ನು ಹೇಗೆ ಬರೆಯುವುದು? ಕೇತಕಿ ತೊಟ್ಟಿಲು ತೂಗುತ್ತ, ಮರಾಠಿಗೆ ಪಳಗಿದ ನಾಲಗೆಯಲ್ಲಿ ತಡವರಿಸುತ್ತ ಒಂದು ಸಾಲು ಹಾಡಿದಳು.

"ಹಿಂಗ ಏನ್ ಆಯಿ?"

ಮಂದಾ ಅಲ್ಲವೆಂದು ತಲೆ ಅಲ್ಲಾಡಿಸಿದಳು. ಕೈಯಿಂದ ತಾಳ ತೋರಿಸಿದಳು, ದನಿ ಏರುವಲ್ಲಿ ಕೈ ಮೇಲೆತ್ತಿದಳು. ಕೇತಕಿ ಇನ್ನೊಂದು ಬಗೆಯಲ್ಲಿ ಹಾಡಿದಳು. ಅದೂ ಅಲ್ಲ.

"ಬಾಬಾ, ನಿಮಗರ ನೆನಪೈತೇನು?"

ಹಯಗ್ರೀವ ಕಣ್ಣು ಮುಚ್ಚಿದ. ಆ ದಿನಗಳಲ್ಲಿ ಅವನು ಪಕ್ಕದ ಕೋಣೆಯಲ್ಲಿ ಪಾಠದ ತಯಾರಿ ಮಾಡುತ್ತಿರುತ್ತಿದ್ದ. ಹಾಡು ಕಿವಿಗೆ ಬಿದ್ದಿತ್ತು, ಕೇಳಿರಲಿಲ್ಲ.

ಕೂಸು ಅಳತೊಡಗಿತು. ಕೇತಕಿ ಬಾಯಿಗೆ ಬಂದ ಧಾಟಿಯಲ್ಲಿ ಮತ್ತೊಮ್ಮೆ ಹಾಡಿ, ಸೋತು, ತಾಯಿಯತ್ತ ನೋಡಿದಳು. "ಹಿಂಗ?"

ಮಂದಾ ಹೌದೆಂದು ತಲೆದೂಗಿದಳು.

ಅವಳ ಮುಖ ನೋಡಿ, ಅದಲ್ಲವೆಂದು ಹಯಗ್ರೀವನಿಗೂ ಗೊತ್ತಾಯಿತು.